ತರಗೆಲೆಯ ಮಾರುವೇಷ

ಮಳೆಗಾಲದ ಮಲೆನಾಡಿನಲ್ಲಿ ಕಪ್ಪೆಯ ದನಿಯನ್ನು ಕೇಳದವರಿಲ್ಲ. ಆದರೆ ಕಾಲಬುಡದಲ್ಲಿಯೇ ಕುಳಿತ ಕಪ್ಪೆಯನ್ನು ಕಂಡವರು ವಿರಳ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರವನ್ನು ಹಾದು, ಸಾಗರದ ಸೀಮೆಯಲ್ಲಿ ಜೋಗವಾಗಿ ಧುಮುಕುವ ಶರಾವತಿಯ ಇಕ್ಕೆಲಗಳ ಕಾನುಗಳಲ್ಲಿ ನಡೆಯುವವನ ಹೆಜ್ಜೆ ಇನ್ನೇನು ಮೇಲೆ ಬಿತ್ತೆನ್ನುವಾಗ, ಒಣಗಿದ ಎಲೆಯೊಂದು ಥಟ್ಟನೆ ನೆಗೆಯುತ್ತದೆ. ಮಾರು ದೂರದಲ್ಲಿ ಬಿದ್ದು ಮತ್ತೆ ಎಲೆಯಾಗಿಬಿಡುತ್ತದೆ. ಆ ಎಲೆಯೇ ಕಪ್ಪೆ!

ಈ ಕಪ್ಪೆಗಳ ಕುಲಕ್ಕೆ ಪ್ರಾಣಿಶಾಸ್ತ್ರಜ್ಞರು 1986ರಲ್ಲಿ ‘ಇಂಡಿರಾನಾ’ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ‘ರಾನಾ’ ಎಂದರೆ ಕಪ್ಪೆ. ಪಶ್ಚಿಮಘಟ್ಟಗಳೇ ಇವುಗಳ ತವರು. ಭಾರತದ ಹೊರಗೆ ಈ ಕುಲ ಎಲ್ಲಿಯೂ ಇಲ್ಲ.

ಅಂಗುಲ ಒಂದೂವರೆ, ಎರಡರ ಈ ಜೀವಿಯ ಮೈ ಕಂದು. ಬೆನ್ನಿನ ಮೇಲೆ ಉದ್ದುದ್ದನೆಯ ಚರ್ಮದ ಮಡಿಕೆಗಳು ಎಲೆಯ ನರಗಳಂತೆ ತೋರುತ್ತವೆ. ಕಣ್ಣಿನಿಂದ ಭುಜದವರೆಗೆ ಕಪ್ಪುಛಾಯೆ, ಕಾಲುಗಳಿಗೆ ಅಡ್ಡಪಟ್ಟೆ. ಈ ಪಟ್ಟೆಗಳು ಅಲಂಕಾರಕ್ಕಲ್ಲ. ಬೇಟೆಗಾರನ ಕಣ್ಣು ಹುಡುಕುವುದು ಕಪ್ಪೆಯ ಆಕಾರವನ್ನು. ಪಟ್ಟೆಗಳು ಆ ಆಕಾರವನ್ನೇ ತುಂಡುತುಂಡಾಗಿಸುತ್ತವೆ. ಈ ಸೂತ್ರವನ್ನು 1940ರ ತಮ್ಮ ಗ್ರಂಥದಲ್ಲಿ ವಿಸ್ತರಿಸಿ ಬರೆದ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹ್ಯೂ ಕಾಟ್, ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೂ ಮರೆವೇಷದ ಪಾಠ ಹೇಳಿದರು. ಮಲಯದ ಕಾಡಿನ ಕೊಂಬುಗಪ್ಪೆಯಾದರೋ ಕಣ್ಣಿನ ಮೇಲೆ ಎಲೆಯ ತುದಿಯಂಥ ಕೊಂಬನ್ನೇ ಬೆಳೆಸಿಕೊಂಡಿದೆ.

ನಮ್ಮ ಕಪ್ಪೆಯ ಮತ್ತೊಂದು ಜಾಣ್ಮೆಯೆಂದರೆ, ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಒಂದು ಕೆಂಗಂದು, ಒಂದು ಬೂದು, ಮತ್ತೊಂದರ ಬೆನ್ನಿಗೆ ತಿಳಿಬಣ್ಣದ ಗೆರೆ. ಒಂದನ್ನು ಕಂಡು ಕಲಿತ ಹಕ್ಕಿಗಾಗಲಿ ಹಾವಿಗಾಗಲಿ ಆ ಕಲಿಕೆ ಮುಂದಿನ ಬೇಟೆಗೆ ಅಷ್ಟಾಗಿ ಒದಗದು.

ಇದರ ಮರಿಗಳ ಬದುಕೂ ಸೋಜಿಗವೇ. ಬೇರೆ ಕಪ್ಪೆಗಳ ಗೊದಮೊಟ್ಟೆಗಳು ಕೊಳದಲ್ಲಿ ಈಜಿದರೆ, ಇವು ನೀರು ಜಿನುಗುವ ಬಂಡೆಯ ಮೈಗೆ ಅಂಟಿಕೊಂಡು, ಪಾಚಿಯನ್ನು ಕೆರೆದು ತಿಂದು ಬೆಳೆಯುತ್ತವೆ. ಇವಕ್ಕೆ ನೀರಿನ ತೆಳ್ಳನೆಯ ಪೊರೆಯಷ್ಟೇ ಸಾಕು. ಆದರೆ ಆ ಪೊರೆ ಒಣಗಬಾರದು.

ಯಕ್ಷಗಾನದ ವೇಷ ಎಷ್ಟೇ ಸೊಗಸಾಗಿರಲಿ, ರಂಗಸ್ಥಳವಿಲ್ಲದೆ ಕಳೆಗಟ್ಟದು. ಈ ಕಪ್ಪೆಯ ರಂಗಸ್ಥಳ ಕಾಡಿನ ತರಗೆಲೆ; ಮಲೆನಾಡಿಗರ ಮಾತಿನಲ್ಲಿ ‘ದರಕು’. ಅದೇ ದರಕು ಕೊಟ್ಟಿಗೆಗೆ ಹಾಸಾಗಿ, ಗೊಬ್ಬರವಾಗಿ ಅಡಕೆ ತೋಟವನ್ನು ತಣಿಸುತ್ತದೆ. ತಲೆಮಾರುಗಳಿಂದ ಬಂದ ಈ ಬೇಸಾಯವನ್ನು ಹಳಿಯುವಂತಿಲ್ಲ. ಆದರೆ ನೆಲವನ್ನು ಬರಿದಾಗುವಂತೆ ಗುಡಿಸಿದಲ್ಲಿ ವೇಷಧಾರಿ ಬಯಲಿಗೆ ಬೀಳುತ್ತಾನೆ. ಕೆಂಪು ಮಣ್ಣಿನ ಮೇಲೆ ಕುಳಿತ ಕಂದು ಎಲೆಯನ್ನು ಕಾಣಲು ಹದ್ದಿನ ಕಣ್ಣೇ ಬೇಕಿಲ್ಲ! ಎಲೆಯಡಿಯ ತಂಪೂ, ಆಹಾರವಾದ ಹುಳುಹುಪ್ಪಟೆಗಳೂ ಅದರೊಡನೆ ಹೋಗುತ್ತವೆ.

ಇದಕ್ಕಿಂತ ದೊಡ್ಡ ಪೆಟ್ಟು ಕಾಡಿಗೇ ಬಿದ್ದಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಕಣಿವೆಯ ಊರುಗಳೊಡನೆ ಕಾಡೂ ಮುಳುಗಿತು. ಮುಂದೆ ಎಷ್ಟೋ ಗುಡ್ಡಗಳ ಮೇಲೆ ಅಕೇಶಿಯಾ ತೋಪುಗಳೆದ್ದವು. ಕೆ. ವಿ. ಗುರುರಾಜ ಮತ್ತು ಸಂಗಡಿಗರು ಶರಾವತಿಯ ಪ್ರದೇಶದಲ್ಲಿ ಕಪ್ಪೆಗಳನ್ನು ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದ ಲೇಖನದ ಸಾರ ಇಷ್ಟು: ಘಟ್ಟಗಳಿಗೇ ಮೀಸಲಾದ ಕಪ್ಪೆಗಳ ಬಾಳು ನಿತ್ಯಹರಿದ್ವರ್ಣದ ಕಾಡಿನೊಡನೆ ಬೆಸೆದುಕೊಂಡಿದೆ.

ಹಳ್ಳದಂಚಿನಲ್ಲಿ, ಬಂಡೆಯ ಸುತ್ತ ನಾಲ್ಕು ಮಾರು ದರಕನ್ನು ಗುಡಿಸದೆ ಬಿಟ್ಟರೆ ತೋಟಕ್ಕೆ ಹೆಚ್ಚಿನ ನಷ್ಟವಿಲ್ಲ; ಕಪ್ಪೆಗೆ ಅದೊಂದು ರಾಜ್ಯ. ಮಕ್ಕಳೊಡನೆ ಜೋಗಕ್ಕೋ ಆಗುಂಬೆಗೋ ಹೋಗುವವರು ಕಾಡುದಾರಿಯಲ್ಲಿ ಹೆಜ್ಜೆಯನ್ನು ಕೊಂಚ ನೋಡಿಡಲಿ. ಬಿದ್ದ ಎಲೆಗಳಲ್ಲಿ ಯಾವುದೋ ಒಂದು ಉಸಿರಾಡುತ್ತಿರಬಹುದು.