ಪರೀಕ್ಷೆ, ಕ್ಯಾಮೆರಾ ಮತ್ತು ಖಾಸಗಿತನ: ಒಂದು ಪರಿಭಾಷಾ ವಿವೇಚನೆ

ಪರೀಕ್ಷಾ ವ್ಯವಹಾರದ ಕನ್ನಡದಲ್ಲಿ 'ಗೋಪ್ಯತೆ' ಎಂಬ ಪದಕ್ಕೆ ಖಚಿತವಾದ ಅರ್ಥವಿದೆ. ಪ್ರಶ್ನೆಪತ್ರಿಕೆ ಬಯಲಾಗಬಾರದು ಎಂಬುದೇ ಆ ಅರ್ಥ. ಅದು ವ್ಯವಸ್ಥೆಯ ಗುಟ್ಟು. ವಿದ್ಯಾರ್ಥಿಯ ಚರ್ಯೆ, ಮನೆ, ಕುಟುಂಬಗಳು ಅನ್ಯರ ಅನಗತ್ಯ ನೋಟಕ್ಕೆ ಒಳಗಾಗಬಾರದೆಂಬ 'ಖಾಸಗಿತನ'ವಾದರೋ ವ್ಯಕ್ತಿಯ ಹಕ್ಕು. ಎರಡನ್ನೂ 'ಗೋಪ್ಯತೆ' ಎಂದೇ ಕರೆದಾಗ, ಹಕ್ಕನ್ನು ಕೇಳುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಸಂಶಯ ಪದದೊಳಗೇ ಸೇರಿಕೊಳ್ಳುತ್ತದೆ.

2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದಾದ್ಯಂತ ವೆಬ್‌ಕಾಸ್ಟಿಂಗ್ ಜಾರಿಗೆ ಬಂದಿತು. ಶಿರಸಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳೂ ಈ ವ್ಯವಸ್ಥೆಯೊಳಗೆ ಬಂದವು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಹೆಚ್ಚುವರಿ ಕೃಪಾಂಕ ನೀಡಿದ ಮೇಲೂ ಶೇ. 73.40ಕ್ಕೆ ಇಳಿಯಿತು. ನಕಲು ತಡೆಯುವಲ್ಲಿ ಕ್ಯಾಮೆರಾದ ಉಪಯುಕ್ತತೆಯನ್ನು ಅಲ್ಲಗಳೆಯುವಂತಿಲ್ಲ. ಪರೀಕ್ಷಾ ಕೊಠಡಿ ಸಾರ್ವಜನಿಕ ಸ್ಥಳ. ಕ್ಯಾಮೆರಾ ಅಲ್ಲಿ ಮೇಲ್ವಿಚಾರಕರ ನೋಟದ ವಿಸ್ತರಣೆ ಮಾತ್ರ. ಆದರೆ ಮೇಲ್ವಿಚಾರಕರ ನೋಟ ಗಂಟೆ ಬಾರಿಸಿದೊಡನೆ ಮುಗಿಯುತ್ತದೆ. ಮುದ್ರಿತ ದೃಶ್ಯ ಉಳಿಯುತ್ತದೆ.

ಮನೆಯಿಂದಲೇ ಬರೆಯುವ ದೂರಪರೀಕ್ಷೆಯಲ್ಲಿ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಜೋಯಿಡಾದ ಕುಣಬಿ, ಹಳಿಯಾಳದ ಸಿದ್ದಿ ಕುಟುಂಬಗಳಲ್ಲಾಗಲಿ, ದಾಂಡೇಲಿಯ ಕಾರ್ಮಿಕರ ಮನೆಗಳಲ್ಲಾಗಲಿ ಓದಿಗೆ ಪ್ರತ್ಯೇಕ ಕೋಣೆ ಇಲ್ಲದಿದ್ದರೆ, ಪರೀಕ್ಷಾರ್ಥಿಯಲ್ಲದ ತಾಯಿ, ಅಜ್ಜಿ, ಒಲೆ, ದೇವರ ಗೂಡು ಎಲ್ಲವೂ ನಿಗಾ ವ್ಯಾಪ್ತಿಗೆ ಬರುತ್ತವೆ. ಕಾಡಿನ ಊರುಗಳಲ್ಲಿ ನೆಟ್‌ವರ್ಕ್ ಕಡಿದು ಚಿತ್ರ ನಿಂತರೆ ಅದೂ ಅಕ್ರಮದ ಸುಳಿವಾಗಿ ಕಾಣಬಹುದು. ಹೀಗೆ ಒಂದೇ ನಿಯಮ ಸ್ವಂತ ಕೋಣೆಯಿಲ್ಲದವರಿಂದ ಹೆಚ್ಚಿನ ಬೆಲೆ ಪಡೆಯುತ್ತದೆ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ನಿರ್ಬಂಧಕ್ಕೆ ಕಾನೂನಿನ ಆಧಾರ, ನ್ಯಾಯಯುತ ಉದ್ದೇಶ ಮತ್ತು ಹದವರಿತ ಪ್ರಮಾಣ ಇರಬೇಕೆಂಬುದು ಆ ತೀರ್ಪಿನಿಂದ ಮೂಡಿದ ಒರೆಗಲ್ಲು. ಅಮೆರಿಕದ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಕರಣವೊಂದರಲ್ಲಿ, ದೂರಪರೀಕ್ಷೆಗೆ ಮುನ್ನ ವಿದ್ಯಾರ್ಥಿಯ ಕೋಣೆಯನ್ನು ಕ್ಯಾಮೆರಾದಲ್ಲಿ ತೋರಿಸಿಕೊಂಡದ್ದು ಅಸಮಂಜಸ ಶೋಧನೆಯೆಂದು 2022ರ ಆಗಸ್ಟ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸಿ ವಿಶೇಷ ರಕ್ಷಣೆ ನೀಡುತ್ತದೆಯಾದರೂ, 2025ರ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ಕೆಲವು ವಿನಾಯಿತಿಗಳನ್ನು ಕೊಟ್ಟಿವೆ.

ಆದ್ದರಿಂದ ಪರೀಕ್ಷಾ ಸೂಚನೆಗಳನ್ನು ಕನ್ನಡದಲ್ಲಿ ರೂಪಿಸುವವರು 'ಗೋಪ್ಯತೆ'ಯನ್ನು ಪ್ರಶ್ನೆಪತ್ರಿಕೆಗೂ 'ಖಾಸಗಿತನ'ವನ್ನು ವಿದ್ಯಾರ್ಥಿಗೂ ಮೀಸಲಿಡುವುದು ಸೂಕ್ತ. ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಯಾರು ಅಳಿಸುತ್ತಾರೆ ಎಂಬ ಮೂರು ಸಂಗತಿಗಳು ಅದೇ ಸೂಚನೆಯಲ್ಲಿ ವಿದ್ಯಾರ್ಥಿಗೆ ತಿಳಿಯುವ ಕನ್ನಡದಲ್ಲಿ ಇರಬೇಕು. ಪರಿಭಾಷೆಯ ಸ್ಪಷ್ಟತೆ ಇಲ್ಲಿ ಹಕ್ಕಿನ ಸ್ಪಷ್ಟತೆಯೂ ಹೌದು.