ಕಾರಿನ ಹವಾ ಸೆನ್ಸರ್: ಬದಲಿಸುವದು ಯಾವಾಗ, ಏತಕ್ಕೆ?

ಮಿರಜದ ದವಾಖಾನೆಗೆ ಬೇನೆಯವರನ್ನು ಒಯ್ಯುವದಿರಲಿ, ಸಾಂಗಲಿಯ ಪೇಟೆಯಲ್ಲಿ ಅರಿಷಿಣದ ಧಾರಣೆ ಕೇಳಿ ಬರುವದಿರಲಿ, ನಮ್ಮ ಸೀಮೆಯ ರೈತನು ಈಗ ಚಕ್ಕಡಿ ಹೂಡುವದಿಲ್ಲ, ಕಾರು ತೆಗೆಯುತ್ತಾನೆ. ಎತ್ತಿನ ನಡಿಗೆ ನೋಡಿ ಅದರ ಕಾಲುಬೇನೆ ಗುರುತಿಸುವ ನಾವು ಕಾರಿನ ಗಾಲಿಯ ಕಡೆಗೆ ಮಾತ್ರ ಲಕ್ಷ್ಯ ಕೊಡುವದಿಲ್ಲ.

ಈ ಅಲಕ್ಷ್ಯದ ಫಲವನ್ನು ನಾವೇ ಉಂಡಿದ್ದೇವೆ. ಎರಡು ವರ್ಷಗಳ ಹಿಂದೆ ಜತ್ತ ತಾಲೂಕಿನ ನಮ್ಮ ಬೀಗರೊಬ್ಬರನ್ನು ಎದೆನೋವೆಂದು ರಾತ್ರಿ ಮಿರಜಕ್ಕೆ ಕರೆದೊಯ್ಯುವಾಗ ಕಾರಿನ ಹಳದಿ ದೀಪ ಹತ್ತಿತು. ಹಿಂದಿನ ವಾರವೂ ಅದು ಹತ್ತಿದಾಗ ಒಬ್ಬ ಮಿಸ್ತ್ರಿಯು, "ಸರ, ನಿಮ್ಮ ಸೆನ್ಸರ್ ಕೆಟ್ಟದ, ಅದರ ಕಡೆ ನೋಡಬ್ಯಾಡ್ರಿ" ಎಂದಿದ್ದನು. ನಾವು ನೋಡಲಿಲ್ಲ. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂದಿನ ಗಾಲಿ ನೆಲಕ್ಕೆ ಕುಳಿತು ಟಾಯರು ಹರಿದುಹೋಯಿತು. ಬಿಚ್ಚಿ ನೋಡಿದರೆ ಒಳಗೆ ಜಾಲಿಯ ಮುಳ್ಳು. ಸೆನ್ಸರ್ ಎರಡೂ ಸಲ ಖರೆಯನ್ನೇ ಹೇಳಿತ್ತು. ಹಿಂದೆ ಬಂದ ಗಾಡಿಯವರು ಬೀಗರನ್ನು ಹತ್ತಿಸಿಕೊಂಡದ್ದರಿಂದ ಅನಾಹುತ ತಪ್ಪಿತು. ಮಿಸ್ತ್ರಿಯದಕ್ಕಿಂತ ತಪ್ಪು ನಮ್ಮದೇ ಹೆಚ್ಚು. ಹವಾ ಅಳೆಯುವ ಗೇಜು ಮನೆಯಲ್ಲಿಯೇ ಇದ್ದಿತು.

ಆದುದರಿಂದ ದೀಪ ಹತ್ತಿದೊಡನೆ ಮಾಡತಕ್ಕದ್ದು ಸೆನ್ಸರ್ ಬದಲಿಸುವದಲ್ಲ, ನಾಲ್ಕೂ ಗಾಲಿಗಳ ಹವಾ ಅಳೆಯುವದು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಸಂದಿಯಲ್ಲಿ ಅಂಟಿಸಿದ ಚೀಟಿಯ ಮೇಲೆ ಇರುತ್ತದೆ. ಕುದುರೆಯ ಲಾಳದಂಥ ಚಿತ್ರ, ನಡುವೆ ಆಶ್ಚರ್ಯಸೂಚಕ ಚಿಹ್ನೆ: ಇದೇ ಆ ದೀಪ. ಅದು ಸ್ಥಿರವಾಗಿ ಉರಿದರೆ ಹವಾ ಕಡಿಮೆಯಿದೆ. ಕಾರು ಶುರುಮಾಡಿದಾಗ ಒಂದು, ಒಂದೂವರೆ ನಿಮಿಷ ಮಿಣಮಿಣ ಮಿನುಗಿ ಆಮೇಲೆ ಹತ್ತಿಯೇ ಉಳಿದರೆ ಸಾಮಾನ್ಯವಾಗಿ ಸೆನ್ಸರಿನಲ್ಲಿಯೇ ದೋಷ. ಈ ಒಂದು ಭೇದ ತಿಳಿದರೆ ಅರ್ಧ ಖರ್ಚು ಉಳಿಯುವದು.

ಚಳಿಗಾಲದಲ್ಲಿ ಇನ್ನೊಂದು ಮೋಸವಿದೆ. 35 ಡಿಗ್ರಿ ಬಿಸಿಲಿನಲ್ಲಿ 30 ಪೌಂಡು ಹವಾ ತುಂಬಿದ ಗಾಲಿಯು 12 ಡಿಗ್ರಿ ಚಳಿಯ ಮುಂಜಾನೆ ಸುಮಾರು 27 ಪೌಂಡಿಗೆ ಇಳಿಯುತ್ತದೆ. ಮೇಲಾಗಿ ಒಳ್ಳೆಯ ಟಾಯರಿನಿಂದಲೂ ತಿಂಗಳಿಗೆ ಒಂದು ಪೌಂಡಿನಷ್ಟು ಹವಾ ತಾನಾಗಿ ಸೋರುವದುಂಟು. ನಸುಕಿನಲ್ಲಿ ಹತ್ತಿದ ದೀಪ ಮಧ್ಯಾಹ್ನ ಆರಿದರೆ "ಸೆನ್ಸರಿಗೆ ಹುಚ್ಚು ಹಿಡಿದಿದೆ" ಎನ್ನಬೇಡಿರಿ. ಗಾಡಿ ಓಡಿಸುವ ಮುಂಚೆ, ಗಾಲಿ ತಣ್ಣಗಿದ್ದಾಗ ಹವಾ ತುಂಬಿಸಿರಿ. ಸ್ಟೆಪ್ನಿ ಹಾಕಿಕೊಂಡಾಗ ದೀಪ ಹತ್ತಿದರೂ ಗಾಬರಿ ಬೇಡ. ಅನೇಕ ಕಾರುಗಳ ಸ್ಟೆಪ್ನಿಯಲ್ಲಿ ಸೆನ್ಸರ್ ಇರುವದೇ ಇಲ್ಲ.

ಎಲ್ಲ ಕಾರುಗಳ ಗಾಲಿಯಲ್ಲಿಯೂ ಸೆನ್ಸರ್ ಇರುವದಿಲ್ಲವೆಂಬುದನ್ನೂ ತಿಳಿದಿರಬೇಕು. ಕೆಲವು ಕಾರುಗಳು ಬ್ರೇಕಿನ ಯಂತ್ರದ ಸಹಾಯದಿಂದ ಗಾಲಿಯ ಸುತ್ತುಗಳನ್ನು ಎಣಿಸುತ್ತವೆ. ಹವಾ ಇಳಿದ ಗಾಲಿ ತುಸು ಸಣ್ಣದಾಗಿ, ಉಳಿದವುಗಳಿಗಿಂತ ಹೆಚ್ಚು ಸುತ್ತು ಸುತ್ತುವದು. ಅದರಿಂದ ದೀಪ ಹತ್ತುವದು. ಅಂಥಲ್ಲಿ ಟಾಯರಿನೊಳಗೆ ಬದಲಿಸಲು ಏನೂ ಇಲ್ಲ. ಹವಾ ಸರಿಮಾಡಿ, ಕಾರಿನ ಪುಸ್ತಕದಲ್ಲಿ ಹೇಳಿದ ಗುಂಡಿ ಒತ್ತಿ ಹೊಸದಾಗಿ ಲೆಕ್ಕ ಹಿಡಿಸಿದರೆ ತೀರಿತು. ಇಂಥ ಕಾರಿಗೆ ಸೆನ್ಸರ್ ಮಾರಬಂದವರನ್ನು ನಮಸ್ಕಾರ ಮಾಡಿ ಕಳಿಸಿರಿ.

ಇನ್ನೊಂದು ಜಾತಿಯಲ್ಲಿ ಪ್ರತಿ ಗಾಲಿಯೊಳಗೆ, ಹವಾ ಹಾಕುವ ವಾಲ್ವಿನ ಬುಡಕ್ಕೆ ಸೆನ್ಸರ್ ಕೂತಿರುತ್ತದೆ. ಅದು ಹವಾ ಅಳೆದು ರೇಡಿಯೋ ತರಂಗದಿಂದ ಕಾರಿಗೆ ತಿಳಿಸುತ್ತದೆ. ಅದರ ಹೊಟ್ಟೆಯಲ್ಲಿ ಸಣ್ಣದೊಂದು ಸೆಲ್ಲು. 5ರಿಂದ 10 ವರ್ಷ ಬಾಳುವ ಈ ಸೆಲ್ಲನ್ನು ಅರಗು ಹಾಕಿದಂತೆ ಭದ್ರವಾಗಿ ಮುಚ್ಚಿರುವದರಿಂದ, ಟಾರ್ಚಿನ ಸೆಲ್ಲಿನಂತೆ ತೆಗೆದುಹಾಕಲು ಬಾರದು. ಸೆಲ್ಲು ತೀರಿದರೆ ಸೆನ್ಸರನ್ನೇ ಬದಲಿಸತಕ್ಕದ್ದು. ನಾಲ್ಕೂ ಒಂದೇ ದಿನ ಕೂಡಿಸಿದವು. ಒಂದರ ಹಿಂದೆ ಒಂದು ಸಾಯುತ್ತವೆ. ಕಾರಿಗೆ ಎಂಟೊಂಬತ್ತು ವರ್ಷವಾಗಿದ್ದು ಟಾಯರುಗಳೂ ಸವೆದಿದ್ದರೆ, ಹೊಸ ಟಾಯರಿನೊಂದಿಗೆ ನಾಲ್ಕನ್ನೂ ಬದಲಿಸುವದು ಲೇಸು, ಯಾಕೆಂದರೆ ಟಾಯರು ಬಿಚ್ಚುವ ಕೂಲಿ ಒಂದೇ ಸಲ ಬೀಳುವದು. ಹೊಸ ಕಾರಿನಲ್ಲಿ ಒಂದೇ ಮುರಿದರೆ ಒಂದನ್ನೇ ಹಾಕಿಸಿರಿ.

ಮುರಿಯುವದು ಹೆಚ್ಚಾಗಿ ಪಂಕ್ಚರ್ ಅಂಗಡಿಯಲ್ಲಿಯೇ. ಟಾಯರಿನ ಅಂಚನ್ನು ಯಂತ್ರದಿಂದ ಒತ್ತುವಾಗ ವಾಲ್ವಿನ ಹತ್ತಿರ ಒತ್ತಿದರೆ ಸೆನ್ಸರ್ ಚಟ್ಟನೆ ಒಡೆಯುವದು. "ಒಳಗೆ ಸೆನ್ಸರ್ ಅದ, ವಾಲ್ವಿನ ಕಡೆ ಒತ್ತಬ್ಯಾಡಪಾ" ಎಂದು ಮೊದಲೇ ಹೇಳಲು ಸಂಕೋಚಪಡಬಾರದು. ವಾಲ್ವು ಅಲ್ಯುಮಿನಿಯಮ್ಮಿನದಿದ್ದರೆ ಹಿತ್ತಾಳೆಯ ಮುಚ್ಚಳ ಹಾಕಬೇಡಿರಿ. ಎರಡು ಲೋಹಗಳ ನಡುವೆ ನೀರು ಸೇರಿ ಕಿಲುಬಿನಂತೆ ತಿಂದು, ಮುಚ್ಚಳ ತಿರುಗಿಸಲು ಹೋದರೆ ವಾಲ್ವೇ ಕಿತ್ತುಬರುವದು. ಟಾಯರು ಬಿಚ್ಚಿದಾಗಲೆಲ್ಲ ವಾಲ್ವಿನ ರಬ್ಬರ್ ಉಂಗುರ ಹೊಸದು ಹಾಕಿಸಬೇಕು, ಸಣ್ಣ ಖರ್ಚು.

2020ರಲ್ಲಿ ಕೇಂದ್ರ ಸರಕಾರವು ನಿಯಮ ತಿದ್ದಿ, ಟ್ಯೂಬಿಲ್ಲದ ಟಾಯರು, ಹವಾ ಸೆನ್ಸರ್, ಪಂಕ್ಚರ್ ತಿದ್ದುವ ಸಾಮಾನು ಇವಿಷ್ಟೂ ಇದ್ದ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲವೆಂದಿತು. ಸ್ಟೆಪ್ನಿಯಿಲ್ಲದ ಕಾರಿಗೆ ಈ ದೀಪವೇ ಆಧಾರ. ಅಲ್ಲಿ ಸತ್ತ ಸೆನ್ಸರನ್ನು ಒಂದು ವಾರವೂ ಇಟ್ಟುಕೊಳ್ಳಬಾರದು. ಪಂಕ್ಚರ್ ಮುಚ್ಚಲು ಹಾಕುವ ಅಂಟುದ್ರವವು ಕೆಲವೊಮ್ಮೆ ಸೆನ್ಸರಿನ ಕಿಂಡಿಯನ್ನೇ ಮುಚ್ಚುತ್ತದೆ. ಆಮೇಲೆ ಒರೆಸಿಸಿ ನೋಡಿರಿ, ತಿಳಿಯಾಗದಿದ್ದರೆ ಬದಲಿಸಿರಿ.

ಕಾಣಲು ಒಂದೇ ತರದ್ದಿದ್ದರೂ ತರಂಗ ಬೇರೆಯಾದ ಸೆನ್ಸರಿನ ಮಾತು ಕಾರಿಗೆ ಕೇಳಿಸದು. ಕಾರಿನ ಮಾಡಲ್ಲು, ವರ್ಷ ಹೇಳಿಯೇ ಕೊಳ್ಳಬೇಕು. ಹಾಕಿದ ಮೇಲೆ ಹೊಸ ಸೆನ್ಸರಿನ ಗುರುತಿನ ಸಂಖ್ಯೆಯನ್ನು ಕಾರಿಗೆ ಪರಿಚಯ ಮಾಡಿಸಬೇಕು. ಕೆಲವು ಕಾರುಗಳು ತುಸು ದೂರ ಓಡಿದ ಮೇಲೆ ತಾವೇ ಕಲಿಯುತ್ತವೆ, ಕೆಲವಕ್ಕೆ ಅಂಗಡಿಯ ಯಂತ್ರ ಬೇಕು. ದೀಪ ಆರಿದ್ದನ್ನು ಕಣ್ಣಾರೆ ನೋಡಿಯೇ ಹಣ ಎಣಿಸಿರಿ.

ನಮ್ಮ ಕಾರಿಗೆ ಈಗ ಒಂಬತ್ತು ವರ್ಷ. ಕಬ್ಬಿನ ಬಿಲ್ಲು ಕೈಗೆ ಬಂದೊಡನೆ ನಾಲ್ಕು ಟಾಯರು, ನಾಲ್ಕು ಸೆನ್ಸರು ಕೂಡಿಯೇ ಹಾಕಿಸುವವರಿದ್ದೇವೆ. ಗೇಜು ಮಾತ್ರ ಈಗ ಮನೆಯಲ್ಲಿಲ್ಲ, ಕಾರಿನಲ್ಲಿದೆ.