ಅಂತರ್ಜಾಲದಲ್ಲಿ ವಂತಿಗೆಯ ಪಟ್ಟಿ

(ಬಾನುಲಿ ಭಾಷಣದ ಲೇಖನರೂಪ)

ತೇರಿಗೆ ಹೊಸ ಗಾಲಿ ಬೇಕಾದಾಗ, ಶಾಲೆಯ ಮಾಡು ಕುಸಿದಾಗ, ಕೆರೆಯ ಏರಿ ಬಿರುಕುಬಿಟ್ಟಾಗ ನಮ್ಮ ಊರುಗಳ ಹಿರಿಯರು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಗುಡಿಯ ಕಟ್ಟೆಯ ಮೇಲೆ ಕುಳಿತು, ಒಂದು ಹಾಳೆಯ ನೆತ್ತಿಯಲ್ಲಿ ‘ಶ್ರೀ’ ಎಂದು ಬರೆದು, ವಂತಿಗೆಯ ಪಟ್ಟಿಯನ್ನು ತೆರೆಯುತ್ತಿದ್ದರು. ಮೊದಲ ಹೆಸರು ಯಾರದೆಂಬುದನ್ನು ನೋಡಿ ಉಳಿದವರು ತಮ್ಮ ಹೆಸರು ಹಚ್ಚುತ್ತಿದ್ದರು. ಹಣವಿಲ್ಲದವರು ಹಿಡಿಯಕ್ಕಿ ಕೊಡುತ್ತಿದ್ದರು. ಅದೂ ಇಲ್ಲದವರು ಎರಡು ದಿನದ ಮೈದುಡಿಮೆ ಬರೆಸುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಕಟ್ಟೆಯ ಮೇಲೆ ಜಮಾಖರ್ಚನ್ನು ಗಟ್ಟಿಯಾಗಿ ಓದಿ ಹೇಳುವುದು ವಾಡಿಕೆ. ಲೆಕ್ಕ ಓದದವನ ಕೈಗೆ ಮರುವರ್ಷ ಪಟ್ಟಿ ಹೋಗುತ್ತಿರಲಿಲ್ಲ.

ಇಂದು ಆ ಕಟ್ಟೆ ಅಂಗೈಯಗಲದ ಫೋನಿನೊಳಗೆ ಬಂದು ಕುಳಿತಿದೆ. ಊರಿನ ವಾಚನಾಲಯಕ್ಕೆ ಪುಸ್ತಕ ಬೇಕೆಂದು ಬರೆದರೆ ಅಬುಧಾಬಿಯಲ್ಲಿರುವ ಊರಿನ ಮಗ ಅದನ್ನು ಆ ಕ್ಷಣವೇ ಓದುತ್ತಾನೆ. ಸಾಧನ ಹೀಗೆ ಬದಲಾಯಿತಲ್ಲ, ಅದರೊಡನೆ ವಂತಿಗೆಯ ಧರ್ಮವೂ ಬದಲಾಯಿತೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಒಂದೆರಡು ವಿಚಾರಗಳನ್ನು ನಿವೇದಿಸುತ್ತೇನೆ.

ಮೊದಲು ಸಾಧನಗಳ ಪರಿಚಯ. ಬ್ಲಾಗ್ ಎಂದರೆ ಒಬ್ಬ ವ್ಯಕ್ತಿ ಅಥವಾ ಒಂದು ಸಂಘ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಡುವ ದಿನಚರಿ. ಈಚೆಗೆ ಬರೆದದ್ದು ಮೇಲೆ, ಹಳೆಯದು ಕೆಳಗೆ. ೧೯೯೭ರಲ್ಲಿ ‘ವೆಬ್‌ಲಾಗ್’ ಎಂದು ಹುಟ್ಟಿದ ಹೆಸರು ೧೯೯೯ರಲ್ಲಿ ‘ಬ್ಲಾಗ್’ ಎಂದು ಮೊಟಕಾಯಿತು. ಅದೇ ವರ್ಷ ಬಂದ ‘ಬ್ಲಾಗರ್’ ಎಂಬ ಸೌಕರ್ಯದಿಂದಾಗಿ ಗಣಕಯಂತ್ರದ ಒಳಗುಟ್ಟು ತಿಳಿಯದವರೂ ಬರೆದು ಪ್ರಕಟಿಸುವುದು ಸಾಧ್ಯವಾಯಿತು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಕನ್ನಡದ ಅಕ್ಷರಗಳು ಎಲ್ಲ ಯಂತ್ರಗಳಲ್ಲೂ ಒಂದೇ ತೆರನಾಗಿ ಮೂಡತೊಡಗಿದವು; ೨೦೦೫ರಲ್ಲಿ ಆರಂಭವಾದ ‘ಸಂಪದ’ದಂಥ ತಾಣಗಳಲ್ಲಿ ಕನ್ನಡದ ಬರಹಗಾರರು ಒಬ್ಬರನ್ನೊಬ್ಬರು ಕಂಡುಕೊಂಡರು. ೨೦೦೪ರ ಫೇಸ್‌ಬುಕ್, ೨೦೦೯ರ ವಾಟ್ಸಾಪ್ ಮೊದಲಾದವು ಸಾಮಾಜಿಕ ಮಾಧ್ಯಮಗಳು. ಇವೆರಡರ ಗುಣ ಬೇರೆ ಬೇರೆ. ಸಾಮಾಜಿಕ ಮಾಧ್ಯಮ ಡಂಗುರವಿದ್ದಂತೆ: ಬೇಗ ಕೇಳಿಸುತ್ತದೆ, ಬೇಗ ಅಡಗುತ್ತದೆ. ಬ್ಲಾಗ್ ಕಡತವಿದ್ದಂತೆ: ಮೂರು ವರ್ಷದ ಹಿಂದೆ ನೀವು ಏನು ಹೇಳಿದ್ದಿರೆಂಬುದನ್ನು ಇಂದು ಬಂದ ಅಪರಿಚಿತನೂ ತೆರೆದು ನೋಡಬಹುದು. ಸಮುದಾಯದ ಕೆಲಸಕ್ಕೆ ಎರಡೂ ಬೇಕು. ಬರಿಯ ಡಂಗುರವನ್ನು ಜನ ನಂಬುವುದಿಲ್ಲ. ಬರಿಯ ಕಡತವನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ.

ಒಬ್ಬನೇ ಮನುಷ್ಯ ತನ್ನ ಮನೆಯಿಂದ ನಾಡಿಗೆಲ್ಲ ಮಾತಾಡಬಹುದೆಂಬುದು ನಮಗೆ ತೀರ ಹೊಸ ಸಂಗತಿಯೇನೂ ಅಲ್ಲ. ೧೯೩೫ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರಕ್ಕಿತ್ತು. ಮುಂದೆ ಅದೇ ದೇಶದ ಬಾನುಲಿಯ ಹೆಸರಾಯಿತು. ಅಂದು ಒಬ್ಬ ಪ್ರಾಧ್ಯಾಪಕರ ಸಾಹಸವಾಗಿದ್ದದ್ದು ಇಂದು ಪ್ರತಿಯೊಬ್ಬರ ಕೈಗೂ ಎಟುಕಿದೆ. ಆದರೆ ಮಾತಾಡುವವರೆಲ್ಲರ ಕೈಗೂ ಯಂತ್ರ ಬಂದಾಗ, ಯಾರ ಮಾತನ್ನು ಕೇಳಬೇಕು, ಯಾರ ಕೈಗೆ ದುಡ್ಡು ಕೊಡಬೇಕು ಎಂಬ ವಿವೇಚನೆ ಕೇಳುವವನ ಪಾಲಿಗೆ ಬಂತು.

ಅಂತರ್ಜಾಲದ ಪರಿಚಯಗಳಿಂದ ನಿಜಕ್ಕೂ ಪ್ರಯೋಜನವುಂಟೆ? ‘ಮುಖ ನೋಡದವರ ಸ್ನೇಹ ಎಂಥ ಸ್ನೇಹ’ ಎಂದು ಹಳಬರು ಮೂಗು ಮುರಿಯುವುದುಂಟು. ಈ ಬಗೆಗೆ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ೧೯೭೩ರಲ್ಲಿಯೇ, ಅಂತರ್ಜಾಲ ಮನೆಮನೆಗೆ ಬರುವುದಕ್ಕೆ ಎಷ್ಟೋ ಮೊದಲು, ಒಂದು ಪ್ರಸಿದ್ಧ ಲೇಖನ ಬರೆದರು. ಪರಿಚಯದ ಮೂಲಕ ಕೆಲಸ ಸಿಕ್ಕಿದವರನ್ನು ಅವರು ವಿಚಾರಿಸಿದಾಗ, ಆರರಲ್ಲಿ ಐದು ಪಾಲಿನಷ್ಟು ಜನ, ಸುದ್ದಿ ಕೊಟ್ಟವನು ತಮ್ಮ ಆಪ್ತಮಿತ್ರನಲ್ಲ, ಎಂದೋ ಒಮ್ಮೆ ಭೇಟಿಯಾಗುವವನು ಎಂದರಂತೆ. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದ ಪರಿಚಿತನಾದರೋ ಬೇರೊಂದು ಬಳಗಕ್ಕೆ ಸೇರಿದವನು, ಅಲ್ಲಿಯ ಸುದ್ದಿಯನ್ನು ಇಲ್ಲಿಗೆ ತರಬಲ್ಲವನು. ಎರಡು ದಂಡೆಗಳ ನಡುವಣ ಕಾಲುಸಂಕ ಸಣ್ಣದಾದರೂ ಅದಿಲ್ಲದೆ ದಾಟಲಾಗದು. ಸಾಮಾಜಿಕ ಮಾಧ್ಯಮ ಇಂಥ ಕಾಲುಸಂಕಗಳನ್ನು ಸಾವಿರಗಟ್ಟಲೆ ಹಾಕಿಕೊಟ್ಟಿದೆ. ಆದ್ದರಿಂದ ಸಂಘದ ಮನವಿಯನ್ನು ಒಂದೇ ಗುಂಪಿನ ನೂರು ಜನರಿಗೆ ಹತ್ತು ಸಲ ಕಳಿಸುವುದಕ್ಕಿಂತ, ಹತ್ತು ಬೇರೆ ಬೇರೆ ಬಳಗಗಳ ಒಬ್ಬೊಬ್ಬರಿಗೆ ಒಮ್ಮೆ ತಿಳಿಸುವುದು ಮೇಲು.

ಇನ್ನು ಹಣದ ಮಾತು. ಸಾರ್ವಜನಿಕರಿಂದ ಬಿಡಿಗಾಸು ಕೂಡಿಸಿ ದೊಡ್ಡ ಕೆಲಸ ಮಾಡಿದ ಹಳೆಯ ದೃಷ್ಟಾಂತವೊಂದಿದೆ. ಫ್ರಾನ್ಸಿನ ಜನ ಅಮೆರಿಕಕ್ಕೆ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ಕಳಿಸಿದರು. ಅದನ್ನು ನಿಲ್ಲಿಸುವ ಪೀಠಕ್ಕೆ ಹಣ ಸಾಲದಾಯಿತು. ಆಗ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಒಡೆಯ ಜೋಸೆಫ್ ಪುಲಿಟ್ಜರ್ ೧೮೮೫ರ ಮಾರ್ಚ್‌ನಲ್ಲಿ ಓದುಗರಿಗೆ ಕರೆ ಕೊಟ್ಟರು. ಎಷ್ಟು ಚಿಕ್ಕ ಮೊತ್ತವಾದರೂ ಸರಿ, ಕೊಟ್ಟವರ ಹೆಸರನ್ನು ಪತ್ರಿಕೆಯಲ್ಲಿ ಅಚ್ಚುಹಾಕುವುದಾಗಿ ವಚನವಿತ್ತರು, ಹಾಗೆಯೇ ಮಾಡಿದರು. ಆಗಸ್ಟ್ ವೇಳೆಗೆ ೧,೨೦,೦೦೦ಕ್ಕೂ ಹೆಚ್ಚು ಜನ ಸೇರಿ ಒಂದು ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟಿದ್ದರು. ಬಹುಪಾಲು ದಾನಗಳು ಒಂದು ಡಾಲರಿಗಿಂತ ಕಡಿಮೆ. ಹನಿಗೂಡಿ ಹಳ್ಳವಾಯಿತು ನಿಜ. ಆದರೆ ಹನಿಗಳನ್ನು ಕೂಡಿಸಿದ್ದು ಯಾವುದು? ಬಡ ಕೂಲಿಯವನ ಕಾಸಿಗೂ ಪಟ್ಟಿಯಲ್ಲೊಂದು ಸಾಲು ಸಿಕ್ಕಿದ್ದು. ನಮ್ಮ ಕಟ್ಟೆಯ ಹಿರಿಯರು ಬಲ್ಲ ಸೂತ್ರವೂ ಅದೇ.

ಈಗ ಕನ್ನಡದ್ದೇ ಒಂದು ಉದಾಹರಣೆಗೆ ಬರೋಣ. ಚಲನಚಿತ್ರ ನಿರ್ದೇಶಕ ಪವನ್ ಕುಮಾರ್ ಅವರು ೨೦೧೧ರ ಕೊನೆಯ ಹೊತ್ತಿಗೆ, ತಮ್ಮ ಹೊಸ ಕಥೆಗೆ ನಿರ್ಮಾಪಕರು ಸಿಗದ ಬೇಸರವನ್ನು ತಮ್ಮ ಬ್ಲಾಗಿನಲ್ಲಿ ತೋಡಿಕೊಂಡರು. ಚಿತ್ರೋದ್ಯಮದ ರೀತಿನೀತಿಗಳನ್ನು ಮುಚ್ಚುಮರೆಯಿಲ್ಲದೆ ಟೀಕಿಸಿದ ಬರಹ ಅದು. ಓದಿದವರು ಅದನ್ನು ಫೇಸ್‌ಬುಕ್ಕಿನಲ್ಲಿ ಹಂಚಿಕೊಂಡರು. ಪ್ರೇಕ್ಷಕರೇ ಬಂಡವಾಳ ಹಾಕಿದರೆ ಹೇಗೆ ಎಂಬ ಯೋಚನೆ ಬೆಳೆಯಿತು. ಒಂದು ತಿಂಗಳೊಳಗೆ ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು ೫೦ ಲಕ್ಷ ರೂಪಾಯಿ ಒದಗಿಸಿದರು. ಹಾಗೆ ತಯಾರಾದ ‘ಲೂಸಿಯಾ’ ೨೦೧೩ರ ಜುಲೈಯಲ್ಲಿ ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಮೆಚ್ಚುಗೆಯ ಪ್ರಶಸ್ತಿ ಪಡೆದು, ಸೆಪ್ಟೆಂಬರಿನಲ್ಲಿ ಕರ್ನಾಟಕದಲ್ಲಿ ತೆರೆಕಂಡಿತು.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಹಣ ಬಂದದ್ದು ತಿಂಗಳೊಳಗೆ. ಅದರ ಹಿಂದಿನ ವಿಶ್ವಾಸ ತಿಂಗಳಲ್ಲಿ ಹುಟ್ಟಿದ್ದಲ್ಲ. ನಿರ್ದೇಶಕರ ಹಿಂದಿನ ಚಿತ್ರವನ್ನು ಜನ ನೋಡಿದ್ದರು, ಅವರ ಬರಹವನ್ನು ಓದಿದ್ದರು. ಕೇಳುವ ಮೊದಲೇ ಪರಿಚಯ ಬೇರೂರಿತ್ತು. ಹಣ ಬೇಕಾದ ದಿನ ಬ್ಲಾಗ್ ತೆರೆಯುವ ಸಂಘ, ಬಾಯಾರಿದಾಗ ಬಾವಿ ತೋಡುವವನನ್ನು ಹೋಲುತ್ತದೆ. ಮೊದಲು ಒಂದೆರಡು ವರ್ಷ ತಾನು ಮಾಡಿದ ಕೆಲಸವನ್ನು, ಎಡವಿದ್ದನ್ನೂ ಸೇರಿಸಿ, ನಿಯಮಿತವಾಗಿ ಬರೆಯುತ್ತ ಬಂದ ಸಂಘ ಒಂದು ದಿನ ‘ನೆರವು ಬೇಕು’ ಎಂದರೆ ಕೇಳುವ ಕಿವಿಗಳಿರುತ್ತವೆ. ಇನ್ನೊಂದು ಮಾತು: ಆ ಚಿತ್ರಕ್ಕೆ ಕೊಟ್ಟದ್ದು ಬಂಡವಾಳ, ವಾಚನಾಲಯಕ್ಕೆ ಕೊಡುವುದು ದಾನ. ಲಾಭದ ಪಾಲು ಕೊಡುತ್ತೇವೆಂದು ಸಾರ್ವಜನಿಕರಿಂದ ಹಣ ಎತ್ತುವುದಕ್ಕೆ ಬೇರೆಯೇ ಕಟ್ಟುನಿಟ್ಟಾದ ಕಾನೂನುಗಳಿವೆ. ಸಮುದಾಯದ ಕೆಲಸ ಮಾಡುವವರು ಇವೆರಡನ್ನೂ ಎಂದಿಗೂ ಬೆರೆಸಕೂಡದು.

ವಿಷಯದ ಕಷ್ಟದ ಮುಖ ಕಾಣಿಸುವುದು ರೋಗಿಗಳಿಗಾಗಿ ಹಣ ಕೂಡಿಸುವಲ್ಲಿ. ಬೆನ್ನುಹುರಿಯ ನರಕೋಶಗಳು ನಶಿಸಿ ಸ್ನಾಯುಗಳು ಸೊರಗುವ, ಎಸ್.ಎಂ.ಎ. ಎಂದು ಕರೆಯುವ ಕಾಯಿಲೆಯೊಂದಿದೆ. ಹುಟ್ಟಿನಿಂದಲೇ ಬರುವಂಥದು. ಅದಕ್ಕೆ ಒಂದೇ ಸಲ ಕೊಡಬೇಕಾದ ಔಷಧವೊಂದರ ಬೆಲೆ ೨೦೨೧ರಲ್ಲಿ ಸುಮಾರು ೧೬ ಕೋಟಿ ರೂಪಾಯಿ. ಆ ವರ್ಷ ಮುಂಬೈಯ ಒಂದು ಹಸುಗೂಸಿಗಾಗಿ ತಂದೆತಾಯಿಗಳು ಅಂತರ್ಜಾಲದಲ್ಲಿ ಮನವಿ ಮಾಡಿದಾಗ ಎಲ್ಲಿಯವರೋ ಹಣ ಕಳಿಸಿದರು. ಕೇಂದ್ರ ಸರ್ಕಾರ ಔಷಧದ ಮೇಲಿನ ಕೋಟಿಗಟ್ಟಲೆ ತೆರಿಗೆಯನ್ನು ಮನ್ನಾ ಮಾಡಿತು. ಕೇರಳದ ಇನ್ನೊಂದು ಮಗುವಿಗೆ ಬೇಕಾದ ಮೊತ್ತ ಕೆಲವೇ ದಿನಗಳಲ್ಲಿ ಕೂಡಿ, ‘ಇನ್ನು ಸಾಕು’ ಎಂದು ಕೇಳಿಕೊಳ್ಳಬೇಕಾಯಿತು. ಮುಖ ನೋಡದವರ ಸ್ನೇಹ ಎಂಥದೆಂಬ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಆದರೆ ಅದೇ ಕಾಯಿಲೆಯ ಎಷ್ಟೋ ಮಕ್ಕಳ ತಂದೆತಾಯಿಗಳಿಗೆ ಮನವಿ ಬರೆಯುವ ಭಾಷೆಯಿಲ್ಲ, ಹಂಚುವ ಬಳಗವಿಲ್ಲ, ಕೈಯಲ್ಲಿ ಒಳ್ಳೆಯ ಫೋನೂ ಇಲ್ಲ. ಮಗುವಿನ ನಗು ಚಿತ್ರದಲ್ಲಿ ಚೆನ್ನಾಗಿ ಮೂಡಿದರೆ ಔಷಧ, ಇಲ್ಲವಾದರೆ ಇಲ್ಲ ಎಂಬುದು ನ್ಯಾಯವಾದೀತೆ? ೨೦೨೧ರಲ್ಲಿ ಪ್ರಕಟವಾದ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಸಾರ್ವಜನಿಕರ ದೇಣಿಗೆಗೆಂದೇ ಒಂದು ಅಂತರ್ಜಾಲ ವ್ಯವಸ್ಥೆಯನ್ನು ಸೂಚಿಸಿತು. ೨೦೨೨ರಲ್ಲಿ ಸರ್ಕಾರದ ನೆರವಿನ ಮಿತಿಯನ್ನು ಒಬ್ಬ ರೋಗಿಗೆ ೫೦ ಲಕ್ಷ ರೂಪಾಯಿಗೆ ಏರಿಸಲಾಯಿತು. ಐವತ್ತು ಲಕ್ಷವೆಲ್ಲಿ, ಹದಿನಾರು ಕೋಟಿಯೆಲ್ಲಿ! ವಂತಿಗೆ ಸರ್ಕಾರದ ಹೊಣೆಗೆ ಬದಲಿಯಾಗಲಾರದು. ಆ ಹೊಣೆಯನ್ನು ನೆನಪಿಸುವ ದನಿಯಾದರೆ ಅದರ ಬೆಲೆ ಕೂಡಿದ ದುಡ್ಡಿಗಿಂತ ಹೆಚ್ಚು. ಹಾಗೆಯೇ, ಕಷ್ಟದಲ್ಲಿರುವವರ ಚಿತ್ರವನ್ನು ಹಾಕುವ ಮುನ್ನ ಅವರ ಒಪ್ಪಿಗೆ ಕೇಳುವುದು, ಅವರ ಮಾನವನ್ನು ಮಾರದೆ ಸಂಗತಿಯನ್ನಷ್ಟೇ ಹೇಳುವುದು ಮನವಿ ಬರೆಯುವವನ ಕರ್ತವ್ಯ.

ವಿಶ್ವಾಸವಿದ್ದಲ್ಲಿ ವಂಚಕನೂ ಹೊಂಚುತ್ತಾನೆ. ೨೦೧೬ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯಿಂದ ಹತ್ತು ರೂಪಾಯಿಯನ್ನೂ ಖರ್ಚಿಲ್ಲದೆ ಕಳಿಸುವುದು ಸುಲಭವಾಯಿತು. ಮೋಸವೂ ಅಷ್ಟೇ ಸುಲಭವಾಯಿತು. ೨೦೨೦ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಆರಂಭವಾದೊಡನೆಯೇ ಅದರ ಪಾವತಿ ವಿಳಾಸದ ಒಂದು ಅಕ್ಷರವನ್ನಷ್ಟೇ ಬಿಟ್ಟು ಮಾಡಿದ ನಕಲಿ ವಿಳಾಸ ಕಾಣಿಸಿಕೊಂಡಿತು. ಆದುದರಿಂದ ಕೊಡುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ಹತ್ತು ಕೈ ದಾಟಿ ಬಂದ ಸಂದೇಶದಲ್ಲಿರುವ ವಿಳಾಸಕ್ಕೆ ಹಣ ಕಳಿಸದೆ, ಸಂಘದ ಸ್ವಂತ ತಾಣದಲ್ಲಿ ಅದನ್ನು ಸರಿನೋಡಬೇಕು. ಖಾತೆ ಸಂಘದ ಹೆಸರಿನಲ್ಲಿದೆಯೋ ವ್ಯಕ್ತಿಯ ಹೆಸರಿನಲ್ಲಿದೆಯೋ ಗಮನಿಸಬೇಕು. ರೋಗಿಗಾದರೆ ಆಸ್ಪತ್ರೆಯ ಖಾತೆಗೇ ಕಳಿಸುವುದು ಉತ್ತಮ. ಹಣ ಪಡೆಯುವುದಕ್ಕೆ ರಹಸ್ಯಸಂಖ್ಯೆಯನ್ನು ಒತ್ತಬೇಕಾಗಿಲ್ಲ ಎಂಬುದನ್ನು ಮನೆಯ ಹಿರಿಯರಿಗೆಲ್ಲ ತಿಳಿಸಿ ಹೇಳಬೇಕು.

ಕೇಳುವವರ ಕರ್ತವ್ಯ ಇನ್ನೂ ಹೆಚ್ಚಿನದು. ಮನವಿಯಲ್ಲಿ ಕೆಲಸ ಯಾವುದು, ಒಟ್ಟು ವೆಚ್ಚವೆಷ್ಟು, ಈಗಾಗಲೇ ಕೂಡಿದ್ದೆಷ್ಟು, ಹೆಚ್ಚು ಬಂದರೆ ಏನು ಮಾಡುತ್ತೀರಿ, ಕಡಿಮೆ ಬಿದ್ದರೆ ಏನು ಗತಿ ಎಂಬ ಐದು ಪ್ರಶ್ನೆಗಳಿಗೆ ಉತ್ತರವಿರಬೇಕು. ‘ಕೈಲಾದಷ್ಟು ನೆರವಾಗಿ’ ಎನ್ನುವುದಕ್ಕಿಂತ ‘ಒಂದು ಕಪಾಟಿಗೆ ಇಷ್ಟು, ನೂರು ಪುಸ್ತಕಕ್ಕೆ ಇಷ್ಟು’ ಎಂದರೆ ಕೊಡುವವನ ಮನಸ್ಸಿಗೆ ರೂಪ ಕಾಣುತ್ತದೆ. ಹಣ ಕೂಡಿಸಿಕೊಡುವ ತಾಣಗಳು ಈಗ ಹಲವಿವೆ. ೨೦೧೦ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಮಿಲಾಪ್’ ಅವುಗಳಲ್ಲೊಂದು. ಇಂಥ ತಾಣಗಳನ್ನು ಬಳಸುವಾಗ ಶುಲ್ಕವೆಷ್ಟು, ದಾನಿಯಿಂದ ಮೇಲುಕಾಣಿಕೆ ಕೇಳುತ್ತಾರೆಯೆ ಎಂಬುದನ್ನು ಮೊದಲೇ ವಿಚಾರಿಸಬೇಕು. ಹೊರದೇಶದ ಕನ್ನಡಿಗರಿಂದ ಪಡೆಯುವ ಸಂಘಗಳು ಒಂದು ನಿಯಮವನ್ನು ತಪ್ಪದೆ ತಿಳಿದಿರಬೇಕು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಾಗುವುದಿಲ್ಲ. ಬೇರೆ ದೇಶದ ಪೌರರಾದವರು ಕಳಿಸಿದರೆ ಅದು ವಿದೇಶಿ ದೇಣಿಗೆಯೇ. ಅಂಥದನ್ನು ಪಡೆಯಲು ಕೇಂದ್ರದ ಗೃಹಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಅಗತ್ಯ. ನಮ್ಮೂರಿನವನೇ ಅಲ್ಲವೆ ಎಂಬ ಸಲಿಗೆ ಕಾನೂನಿನ ಮುಂದೆ ನಿಲ್ಲದು.

ಎಲ್ಲಕ್ಕಿಂತ ಮಿಗಿಲಾದುದು ಕೊನೆಯ ಕೆಲಸ, ಹೆಚ್ಚಿನವರು ಮರೆಯುವ ಕೆಲಸ: ಲೆಕ್ಕ ಒಪ್ಪಿಸುವುದು. ಹಣ ಬಂದ ದಿನ ಹತ್ತು ಸಲ ಡಂಗುರ ಹೊಡೆದವರು ಕೆಲಸ ಮುಗಿದ ದಿನ ಮೌನವಾಗಿಬಿಡುತ್ತಾರೆ. ಮೋಸವೇ ಕಾರಣವಿರಬೇಕೆಂದಿಲ್ಲ, ಆಲಸ್ಯವೋ ಸಂಕೋಚವೋ ಇದ್ದೀತು. ಕೊಟ್ಟವನಿಗೆ ಮಾತ್ರ ಎರಡೂ ಒಂದೇ. ಪುಸ್ತಕದಂಗಡಿಯ ರಸೀದಿಯ ಚಿತ್ರ, ಬಡಗಿಗೆ ಕೊಟ್ಟ ಕೂಲಿ, ಉಳಿದ ಮುನ್ನೂರು ರೂಪಾಯಿಯ ವಿವರ, ಇವನ್ನು ಬ್ಲಾಗಿನಲ್ಲಿ ಬರೆದಿಡುವುದಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯ ಕೆಲಸ ಮಾಡದ ಸಂಘ ತನ್ನ ಹೆಸರನ್ನಷ್ಟೇ ಕೆಡಿಸಿಕೊಳ್ಳುವುದಿಲ್ಲ. ನಾಳೆ ನಿಜವಾದ ಸಂಕಟದಲ್ಲಿ ಕೈಯೊಡ್ಡುವ ಬೇರೊಬ್ಬರ ಪಾಲಿನ ವಿಶ್ವಾಸವನ್ನೂ ಖರ್ಚುಮಾಡಿರುತ್ತದೆ.

ಕಟ್ಟೆ ಬದಲಾಗಿದೆ, ಪಟ್ಟಿ ಬದಲಾಗಿದೆ. ಪಟ್ಟಿಯನ್ನು ತೆರೆದವನೇ ಅದನ್ನು ಓದಿ ಮುಗಿಸಬೇಕೆಂಬ ಹಿರಿಯರ ಕಟ್ಟಳೆ ಮಾತ್ರ ಬದಲಾಗಿಲ್ಲ. ಅಂದು ಲೆಕ್ಕ ಕೇಳಲು ಊರಿನ ನೂರು ಮಂದಿ ಕಟ್ಟೆಯ ಕೆಳಗೆ ಕುಳಿತಿರುತ್ತಿದ್ದರು. ಇಂದು ಕೇಳುವವರು ಕಣ್ಣಿಗೆ ಕಾಣದೆ ದೇಶದೇಶಗಳಲ್ಲಿದ್ದಾರೆ. ಕಾಣದವರ ಮುಂದೆ ಲೆಕ್ಕ ಓದುವುದನ್ನು ನಮ್ಮ ಸಂಘಸಂಸ್ಥೆಗಳು ರೂಢಿಸಿಕೊಂಡರೆ, ಊರಿನ ವಾಚನಾಲಯದ ಕಪಾಟು ತುಂಬಲು ಹೆಚ್ಚು ದಿನ ಕಾಯಬೇಕಾಗಲಾರದು.